ನಾಲ್ಕು ಬೆರಳಲ್ಲಿ ಒಂದೇ ಕದಲಿದರೆ: ಸ್ಮೂತ್ ಜಾಝ್ ಅಷ್ಟು ಮೆತ್ತಗೆ ಕೇಳುವುದು ಯಾಕೆ?

ಆಲ್ದೂರು ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ಭಾವನ ತೋಟ. ಹಳೆ ಮನೆಗೆ ನಾಲ್ಕು ರೂಮು ಕೂಡಿಸಿ ಹೋಮ್‌ಸ್ಟೇ ಮಾಡಿದ್ದಾರೆ. ಹೋದ ಮಳೆಗಾಲದಲ್ಲಿ ಬಂದಿದ್ದ ಅತಿಥಿಯೊಬ್ಬರು ಜಗಲಿಯ ಸ್ಪೀಕರಿಗೆ ತಮ್ಮ ಫೋನು ಜೋಡಿಸಿ ಒಂದು ಆಲ್ಬಂ ಹಾಕಿದರು. ಅವರು ಹೋದರು, ಆಲ್ಬಂ ಉಳಿಯಿತು. ಸಂಜೆ ಏಳರ ಮೇಲೆ ಅದನ್ನೇ ಹಾಕುವುದು ಭಾವನಿಗೆ ರೂಢಿಯಾಯಿತು. ಅದರ ಹೆಸರು 'ಎಸ್ಪ್ರೆಸ್ಸೊ'. ಸ್ಮೂತ್ ಜಾಝ್, ಅಂದರೆ ಅಮೆರಿಕದ ಜಾಝ್ ಸಂಗೀತದಲ್ಲೇ ಮೆತ್ತಗಿನ, ನಿಧಾನದ ಒಂದು ಬಗೆ.

"ಚಿಕ್ಕಮಗಳೂರಲ್ಲಿ ಕೂತು ಎಸ್ಪ್ರೆಸ್ಸೊ ಕೇಳೋ ಹಣೆಬರಹ ನೋಡು ಮಾರಾಯ" ಅಂತ ನಕ್ಕರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಹಿತವಾಗೇನೋ ಇದೆ. ಆದ್ರೆ ಏನೂ ಆಗೋದೇ ಇಲ್ವಲ್ಲ ಇದ್ರಲ್ಲಿ? ಲಿಫ್ಟಲ್ಲಿ ಹಾಕ್ತಾರಲ್ಲ, ಹಂಗೆ."

ನಾನು ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಹಾಸನ, ಬೇಲೂರು, ಅರಸೀಕೆರೆ, ಕಡೂರು, ಗಣಪತಿ ಪೆಂಡಾಲು ಎದ್ದ ಕಡೆಯೆಲ್ಲ ನಮ್ಮ ಟೆಂಪೊ ಹೋಗುತ್ತಿತ್ತು. ಹಾಗಾಗಿ ಲಿಫ್ಟಿನ ಮಾತು ಸ್ವಲ್ಪ ಚುಚ್ಚಿತು. ಏನೂ ಆಗುತ್ತಿಲ್ಲ ಅನ್ನಿಸುವ ಹಾಗೆ ನುಡಿಸಬೇಕಾದರೆ ಕೈಯಲ್ಲಿ ಏನೆಲ್ಲ ನಡೆಯಬೇಕು ಅನ್ನುವುದು ಕೀಬೋರ್ಡಿನ ಮುಂದೆ ಕೂತವನಿಗೆ ಗೊತ್ತು. ಅವತ್ತು ಭಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಮನುಷ್ಯನ ವಿಷಯ. ಆಲ್ಬಂ ಅಮೆರಿಕದ ಬಾಬ್ ಜೇಮ್ಸ್ ಅವರದು. ಹುಟ್ಟಿದ್ದು 1939ರಲ್ಲಿ, ಮಿಸೌರಿ ರಾಜ್ಯದಲ್ಲಿ. 'ಎಸ್ಪ್ರೆಸ್ಸೊ' ಬಂದದ್ದು 2018ರಲ್ಲಿ. ಅಂದರೆ ಎಪ್ಪತ್ತೆಂಟು ವರ್ಷದವರು ತಮ್ಮದೇ ಮೂವರ ತಂಡ ಕಟ್ಟಿಕೊಂಡು, ಬಹಳ ವರ್ಷಗಳ ನಂತರ ತಮ್ಮ ಹೆಸರಿನಲ್ಲಿ ಮಾಡಿದ ಆಲ್ಬಂ. ಪಿಯಾನೊ, ಬೇಸ್, ಡ್ರಮ್ಸ್, ಈ ಮೂರರ ಮೇಲೆ ನಿಂತಿದೆ. ಸ್ಮೂತ್ ಜಾಝ್ ಅಂದರೆ ಯಾರು ಅಂತ ಕೇಳಿದರೆ ಮೊದಲ ಸಾಲಿನಲ್ಲಿ ಬರುವ ಹೆಸರು ಇವರದು. ಆದರೆ ನನಗೆ ಇವರಲ್ಲಿ ಜಾಸ್ತಿ ಇಷ್ಟವಾಗುವ ಸಂಗತಿ ಬೇರೆ. 1965ರಲ್ಲಿ ಇವರು 'ಎಕ್ಸ್‌ಪ್ಲೋಷನ್ಸ್' ಅಂತ ಒಂದು ರೆಕಾರ್ಡ್ ಮಾಡಿದ್ದರು. ಹೆಸರಿಗೆ ತಕ್ಕ ಹಾಗೆ ಸ್ಫೋಟವೇ. ಟೇಪಿನ ಕಿರಿಕಿರಿ, ಎಲೆಕ್ಟ್ರಾನಿಕ್ ಸದ್ದು, ತಾಳವಿಲ್ಲದ ಗಲಾಟೆ. ಮನೆಯಲ್ಲಿ ಹಾಕಿದರೆ ನಾಯಿ ಎದ್ದು ಹೋಗುತ್ತದೆ. ಗಲಾಟೆ ಬರದೆ ಮೆತ್ತಗಾದವರಲ್ಲ ಇವರು. ಬಂದಮೇಲೆ ಬಿಟ್ಟವರು.

ಒಂಬತ್ತು ವರ್ಷ ಬಿಟ್ಟು, 1974ರಲ್ಲಿ, 'ಒನ್' ಅನ್ನುವ ಆಲ್ಬಂ ಬಂತು. ಅದರ ಕೊನೆಯ ಟ್ರ್ಯಾಕ್ 'ನಾಟಿಲಸ್'. ಇದನ್ನು ಮುಂದೆ ಹಿಪ್‌ಹಾಪ್ ಹುಡುಗರು ಎಷ್ಟು ಸಲ ತುಂಡರಿಸಿ ತಮ್ಮ ಹಾಡುಗಳಿಗೆ ಹೊಲಿದುಕೊಂಡಿದ್ದಾರೆ ಅಂದರೆ ಲೆಕ್ಕ ಇಡುವುದು ಕಷ್ಟ. 1978ರಲ್ಲಿ 'ಟ್ಯಾಕ್ಸಿ' ಅನ್ನುವ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತ ಮಾಡಿದರು. 1991ರಲ್ಲಿ 'ಫೋರ್‌ಪ್ಲೇ' ಅನ್ನುವ ನಾಲ್ವರ ತಂಡ. ಸಾಕು, ಇನ್ನು ಸದ್ದಿನ ವಿಷಯಕ್ಕೆ ಬರೋಣ.

ನಮ್ಮ ಕಡೆ ಕೀಬೋರ್ಡ್ ಅಂದರೆ ಒಂದೇ ಕಪ್ಪು ಡಬ್ಬ, ಒಳಗೆ ವೀಣೆಯಿಂದ ಹಿಡಿದು ಹೆಲಿಕಾಪ್ಟರ್‌ವರೆಗೆ ಎಲ್ಲ ಸದ್ದು. ನಾನು ಕಲಿತದ್ದೂ ಅಂಥದ್ದರಲ್ಲೇ. ಅದಕ್ಕೆ ಟಚ್ ಇರಲಿಲ್ಲ. ಅಂದರೆ ಮೆಲ್ಲಗೆ ಒತ್ತಿದರೂ, ಗುದ್ದಿದರೂ ಒಂದೇ ಸದ್ದು. ಹಾರ್ಮೋನಿಯಂನಲ್ಲೂ ಬೆರಳಿನ ಬಲಕ್ಕೆ ಬೆಲೆಯಿಲ್ಲ, ಅಲ್ಲಿ ಬಲವೆಲ್ಲ ತಿದಿಯದ್ದು. ಸ್ಮೂತ್ ಜಾಝಿನ ಕೀಬೋರ್ಡ್ ಅರ್ಥ ಆಗಬೇಕಾದರೆ ಈ ಅಭ್ಯಾಸವನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಯಾಕೆಂದರೆ ಆ ಸಂಗೀತದ ತಾಯಿ ವಾದ್ಯ ರೋಡ್ಸ್ ಪಿಯಾನೊ. ಅದರಲ್ಲಿ ಎಲ್ಲ ಇರುವುದೇ ಬೆರಳಿನ ಬಲದಲ್ಲಿ.

ಹೆರಾಲ್ಡ್ ರೋಡ್ಸ್ ಒಬ್ಬ ಪಿಯಾನೊ ಮೇಷ್ಟ್ರು. ಎರಡನೇ ಮಹಾಯುದ್ಧದ ಹೊತ್ತಿಗೆ ಆಸ್ಪತ್ರೆಯಲ್ಲಿ ಮಲಗಿದ್ದ ಗಾಯಾಳು ಸೈನಿಕರಿಗೆ ಪಿಯಾನೊ ಕಲಿಸುವ ಕೆಲಸ ಅವರ ಪಾಲಿಗೆ ಬಂತು. ಹಾಸಿಗೆಯ ಮೇಲೆ ಪಿಯಾನೊ ಇಡಲು ಆಗುತ್ತದೆಯೇ? ಬಿ-17 ಬಾಂಬರ್ ವಿಮಾನಗಳ ಅಲ್ಯೂಮಿನಿಯಂ ಪೈಪು ತಂದು, ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕ ಪಿಯಾನೊ ಮಾಡಿದರು. ಅದೇ ಬೆಳೆದು ಬೆಳೆದು 1965ರ ಹೊತ್ತಿಗೆ ಫೆಂಡರ್ ಕಂಪನಿಯ ಹೆಸರಿನಲ್ಲಿ 73 ಕೀಗಳ ರೋಡ್ಸ್ ಆಗಿ ಮಾರುಕಟ್ಟೆಗೆ ಬಂತು. ತೊಡೆಯ ಮೇಲಿನದ್ದು ಈಗ 60 ಕೆ.ಜಿ. ಹತ್ತಿರ ತೂಗುತ್ತಿತ್ತು. ನಮ್ಮ ಟೆಂಪೊದಲ್ಲಿ ಅಂಥದ್ದೊಂದು ಇದ್ದಿದ್ದರೆ ಡ್ರಮ್ಸ್ ಹುಡುಗ ಬಸ್ಸಿಗೆ ಹೋಗಬೇಕಾಗಿತ್ತು.

ಅದರ ಒಳಗೆ ತಂತಿಗಳಿಲ್ಲ. ಕೀ ಒತ್ತಿದರೆ ಒಂದು ಪುಟ್ಟ ಸುತ್ತಿಗೆ ಎದ್ದು ಉಕ್ಕಿನ ಸಣ್ಣ ಕಡ್ಡಿಗೆ ಬಡಿಯುತ್ತದೆ. ಈ ಕಡ್ಡಿಗೆ ಟೈನ್ ಅನ್ನುತ್ತಾರೆ. ಟೈನಿನ ಜೋಡಿಗೆ ಒಂದು ದಪ್ಪ ಲೋಹದ ಪಟ್ಟಿ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮೇಜಿಗೆ ತಟ್ಟಿ ಕಿವಿಗೆ ಹಿಡಿಯುತ್ತಿದ್ದ ಶ್ರುತಿಕವೆ ನೆನಪಿದೆಯಲ್ಲ? ಅದೇ ಇದು, ಒಂದು ಕಾಲು ಸಪೂರ, ಇನ್ನೊಂದು ದಪ್ಪ. ಪ್ರತಿ ಟೈನಿನ ತುದಿಯ ಎದುರಿಗೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಇರುವಂಥ ಪಿಕಪ್, ಅಂದರೆ ತಾಮ್ರದ ತಂತಿ ಸುತ್ತಿದ ಅಯಸ್ಕಾಂತ. ಕಡ್ಡಿ ಅಲುಗಿದ ಹಾಗೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ.

ಶ್ರುತಿ ಮಾಡುವುದು ಹೇಗೆ ಅಂದರೆ, ಟೈನಿಗೆ ಒಂದು ಚಿಕ್ಕ ಸ್ಪ್ರಿಂಗ್ ತೊಡಿಸಿರುತ್ತಾರೆ. ಅದನ್ನು ತುದಿಯ ಕಡೆ ಸರಿಸಿದರೆ ಸ್ವರ ಇಳಿಯುತ್ತದೆ, ಬುಡದ ಕಡೆ ಸರಿಸಿದರೆ ಏರುತ್ತದೆ. ನಮ್ಮ ಮೋರ್ಚಿಂಗಿನವರು ನಾಲಿಗೆಯ ತುದಿಗೆ ಜೇನುಮೇಣ ಮೆತ್ತಿ ಶ್ರುತಿ ಇಳಿಸುತ್ತಾರಲ್ಲ, ಲೆಕ್ಕ ಅದೇ. ತುದಿ ಭಾರವಾದರೆ ಅಲುಗಾಟ ನಿಧಾನ.

ಈಗ ಮುಖ್ಯ ಸಂಗತಿ. ಮೆಲ್ಲಗೆ ಒತ್ತಿದಾಗ ಟೈನ್ ಪಿಕಪ್ಪಿನ ಎದುರಿಗೆ ಸ್ವಲ್ಪವೇ ತೂಗುತ್ತದೆ. ಆಗ ಬರುವುದು ಹೆಚ್ಚುಕಡಿಮೆ ಒಂದೇ ಶುದ್ಧ ಸ್ವರ. ನೀರು ತುಂಬಿದ ಬಟ್ಟಲಿಗೆ ತಟ್ಟಿದ ಹಾಗೆ ದುಂಡಗೆ ಕೇಳುತ್ತದೆ. ಜೋರಾಗಿ ಒತ್ತಿದರೆ ಕಡ್ಡಿ ಅಯಸ್ಕಾಂತದ ಎದುರು ಅಗಲವಾಗಿ ಬೀಸುತ್ತದೆ. ಆಗ ಹುಟ್ಟುವ ಕರೆಂಟಿನ ಆಕಾರ ಸೊಟ್ಟಗಾಗುತ್ತದೆ, ಮೇಲಿನ ಸ್ವರಗಳೆಲ್ಲ ಅದರೊಳಗೆ ನುಗ್ಗುತ್ತವೆ. ಸದ್ದು ಗುರ್ ಅನ್ನುತ್ತದೆ. ಅಂದರೆ ಬೆರಳು ಬದಲಾದರೆ ಇಲ್ಲಿ ಸದ್ದಿನ ಗಾತ್ರದ ಜೊತೆಗೆ ಅದರ ಬಣ್ಣವೂ ಬದಲಾಗುತ್ತದೆ. ಸ್ಮೂತ್ ಜಾಝ್ ನುಡಿಸುವವರು ಆ ಗುರ್ ಬರುವ ಗಡಿಯ ಈಚೆಗೇ ಇರುತ್ತಾರೆ. ಇಡೀ ಟ್ರ್ಯಾಕಿನಲ್ಲಿ ಎಲ್ಲೋ ಎರಡು ಕಡೆ ಗಡಿ ದಾಟಿ ಒಮ್ಮೆ ಗದರಿ ವಾಪಸ್ ಬರುತ್ತಾರೆ. ಭಾವ "ಏನೂ ಆಗಲ್ಲ" ಅಂದ ಕಡೆ ಆಗುತ್ತಿರುವ ಮೊದಲ ಕೆಲಸ ಇದು.

1983ರಲ್ಲಿ ಯಮಾಹಾದವರ ಡಿಎಕ್ಸ್7 ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡಿದ್ದ ಉಪಾಯ ಅದರ ಹೊಟ್ಟೆಯಲ್ಲಿತ್ತು. ಒಂದು ಅಲೆಯನ್ನು ಇನ್ನೊಂದು ಅಲೆಯಿಂದ ಅತಿ ವೇಗವಾಗಿ ನಡುಗಿಸಿದರೆ ಹೊಸ ಸ್ವರಗಳು ಹುಟ್ಟುತ್ತವೆ, ಇಷ್ಟೇ. ಅದರೊಳಗಿನ ಎಲೆಕ್ಟ್ರಿಕ್ ಪಿಯಾನೊ ಸದ್ದು ಗಾಜಿನ ಬಳೆ ತಾಗಿದ ಹಾಗೆ ಹೊಳೆಯುತ್ತಿತ್ತು. ಎಂಬತ್ತರ ದಶಕದ ನಿಧಾನದ ಪ್ರೇಮಗೀತೆಗಳಲ್ಲಿ ಎಲ್ಲಿ ನೋಡಿದರೂ ಅದೇ. ಡಬ್ಬ ಹಗುರ, ಶ್ರುತಿ ಹೋಗುವುದಿಲ್ಲ. ರೋಡ್ಸ್ ಹೊತ್ತು ಸುಸ್ತಾದವರು ಖುಷಿಯಾಗಿ ಬದಲಾಯಿಸಿದರು. ನನ್ನ ಕಿವಿಗೆ ಮಾತ್ರ ಅದು ತೀರಾ ತೊಳೆದಿಟ್ಟ ಸದ್ದು. ಸ್ಮೂತ್ ಜಾಝಿಗೆ ಲಿಫ್ಟಿನ ಹೆಸರು ಬಂದದ್ದರಲ್ಲಿ ಇದರ ಪಾಲೂ ಇದೆ ಅಂತ ನನ್ನ ಅನುಮಾನ.

ಸದ್ದು ಮೆತ್ತಗಾದ ಮಾತ್ರಕ್ಕೆ ಸಂಗೀತ ಮೆತ್ತಗಾಗುವುದಿಲ್ಲ. ನಿಜವಾದ ಕಸುಬು ಇರುವುದು ಕಾರ್ಡ್‌ಗಳಲ್ಲಿ, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪಿನಲ್ಲಿ. ಇದನ್ನು ನಮ್ಮ ಸ್ವರಗಳಲ್ಲೇ ಹೇಳುತ್ತೇನೆ. ಬಿಳಿ ಒಂದು ನಿಮ್ಮ ಷಡ್ಜ ಅಂತ ಇಟ್ಟುಕೊಳ್ಳಿ. ಆಗ ಬಿಳಿ ಕೀಗಳೆಲ್ಲ ಸೇರಿ ಶಂಕರಾಭರಣ. ಕರಿ ಕೀ ಮುಟ್ಟುವ ಕೆಲಸವೇ ಇಲ್ಲ.

ಜಾಝಿನಲ್ಲಿ ಮತ್ತೆ ಮತ್ತೆ ಬರುವ ಒಂದು ದಾರಿ ಇದೆ. ರಿಷಭದ ಮೇಲಿನ ಕಾರ್ಡ್, ಆಮೇಲೆ ಪಂಚಮದ್ದು, ಕೊನೆಗೆ ಷಡ್ಜದ್ದು. ಊರಿಂದ ಹೊರಟು, ತಿರುವಿನಲ್ಲಿ ಒಮ್ಮೆ ನಿಂತು, ಮನೆಗೆ ಬಂದ ಹಾಗೆ. ಸುಮ್ನೆ ಪುಸ್ತಕದಲ್ಲಿ ಇದ್ದಂತೆ ನುಡಿಸಿದರೆ ಮೊದಲನೆಯದು ರಿ ಮ ಧ ಸ, ಎರಡನೆಯದು ಪ ನಿ ರಿ ಮ, ಮೂರನೆಯದು ಸ ಗ ಪ ನಿ. ನುಡಿಸಿ ನೋಡಿ. ಕೈ ಕೀಬೋರ್ಡಿನ ಮೇಲೆ ಕಪ್ಪೆಯ ಹಾಗೆ ಜಿಗಿಯುತ್ತದೆ. ಸದ್ದೂ ಜಿಗಿಯುತ್ತದೆ. ಆರ್ಕೆಸ್ಟ್ರಾದಲ್ಲಿ ನಾನು ನುಡಿಸುತ್ತಿದ್ದದ್ದು ಹೀಗೆಯೇ, ಅದೂ ಮೂರೇ ಬೆರಳಲ್ಲಿ.

ಬಲ್ಲವರು ಹೀಗೆ ಮಾಡುವುದಿಲ್ಲ. ಬೇಸ್ ಗಿಟಾರಿನವನು ಹೇಗೂ ಬುಡದ ಸ್ವರ ಹಿಡಿದಿರುತ್ತಾನೆ. ಅವನು ರಿ ಅಂದಮೇಲೆ ನಾನೂ ರಿ ಅನ್ನುವುದು ಯಾಕೆ? ಬಿಟ್ಟುಬಿಡು. ಆ ಖಾಲಿಯಾದ ಬೆರಳಿಗೆ ಒಂದು ಹೊಸ ಸ್ವರ ಕೊಡು. ಹಾಗಾಗಿ ಮೊದಲನೇ ಕಾರ್ಡ್ ಮ ಧ ಸ ಗ ಆಗುತ್ತದೆ, ಕೆಳಗಿನಿಂದ ಮೇಲಕ್ಕೆ ಇದೇ ಸಾಲಿನಲ್ಲಿ. ಎರಡನೆಯದು ಮ ಧ ನಿ ಗ. ಮೂರನೆಯದು ಗ ಪ ನಿ ರಿ.

ಈಗ ಈ ಮೂರನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಬದಲಾದದ್ದು ಒಂದೇ ಸ್ವರ. ಸ ಇದ್ದದ್ದು ಪಕ್ಕದ ನಿಗೆ ಇಳಿಯಿತು. ಉಳಿದ ಮೂರು ಬೆರಳು ಇದ್ದಲ್ಲೇ ಇವೆ. ಎರಡನೆಯದರಿಂದ ಮೂರನೆಯದಕ್ಕೆ ಬರುವಾಗ ನಿ ಅಲ್ಲೇ ಕೂತಿರುತ್ತದೆ, ಮಿಕ್ಕ ಮೂರೂ ಒಂದೊಂದು ಮೆಟ್ಟಿಲು ಇಳಿಯುತ್ತವೆ. ಮ ಗಕ್ಕೆ, ಧ ಪಕ್ಕೆ, ಮೇಲಿನ ಗ ರಿಗೆ. ಯಾವ ಬೆರಳೂ ಪಕ್ಕದ ಕೀ ದಾಟಿ ಹೋಗಲಿಲ್ಲ. ಕೆಳಗೆ ಬೇಸ್ ಮಾತ್ರ ರಿ, ಪ, ಸ ಅಂತ ದೊಡ್ಡ ದೊಡ್ಡ ಹೆಜ್ಜೆ ಇಡುತ್ತಿರುತ್ತದೆ. ನೆಲ ಬದಲಾಗುತ್ತಿದೆ, ಮೇಲೆ ಕೂತವರು ಮಾತ್ರ ಅಲುಗಾಡುತ್ತಿಲ್ಲ. ಸ್ಮೂತ್ ಅನ್ನುವ ಹೆಸರಿಗೆ ನನ್ನ ಮಟ್ಟಿಗೆ ಅರ್ಥ ಇದೇ. ವಾಲ್ಯೂಮಿಗೂ ಅದಕ್ಕೂ ಅಂಥ ಸಂಬಂಧ ಇಲ್ಲ.

ಇದನ್ನು ಭಾವನಿಗೆ ಬಾಯಲ್ಲಿ ಹೇಳಿದರೆ ಆಗಲಿಲ್ಲ. ಅಟ್ಟದ ಮೇಲಿದ್ದ ನನ್ನ ಹಳೆ ಕೀಬೋರ್ಡ್ ಇಳಿಸಿ, ಧೂಳು ಒರೆಸಿ, ಅವರ ಬೆರಳುಗಳನ್ನೇ ಮ ಧ ಸ ಗ ಮೇಲೆ ಇಟ್ಟೆ. ಬೇಸ್ ನಾನು ಎಡಗಡೆಯಿಂದ ಒತ್ತಿದೆ. "ಈಗ ಸ ಮೇಲಿರೋ ಬೆರಳು ಮಾತ್ರ ಪಕ್ಕಕ್ಕೆ ತನ್ನಿ" ಅಂದೆ. ತಂದರು. ನಾನು ಪಂಚಮಕ್ಕೆ ಹೋದೆ. ಅವರು ಕೈ ಎತ್ತಿ ನನ್ನ ಮುಖ ನೋಡಿದರು. "ನಾನೇನೂ ಮಾಡ್ಲಿಲ್ಲ ಮಾರಾಯ, ಎಲ್ಲೋ ಹೋಗಿಬಂತಲ್ಲ?" ಅಂದರು.

ಇನ್ನೊಂದು ಸೂಕ್ಷ್ಮ. ಕೊನೆಯ ಕಾರ್ಡಿನಲ್ಲಿ ನಿ ಹಾಗೇ ಉಳಿಯಿತು ಅಂದೆನಲ್ಲ. ನಮ್ಮ ಕಿವಿಗೆ ಶಂಕರಾಭರಣದ ನಿಷಾದ ಅಂದರೆ ಮೇಲಿನ ಷಡ್ಜಕ್ಕೆ ಹೊರಟು ನಿಂತ ಸ್ವರ. ಅದು ಸ ಮುಟ್ಟಿದರೆ ನೆಮ್ಮದಿ. ಇವರು ಅದನ್ನು ಮುಟ್ಟಿಸುವುದಿಲ್ಲ. ಕೆಳಗೆ ಬೇಸ್ ಸ ಅನ್ನುತ್ತಿದೆ, ಮೇಲೆ ನಿ ಹಾಗೇ ತೂಗುತ್ತಿದೆ. ಊರಿಂದ ಬಂದವರು ಚಪ್ಪಲಿ ಬಿಟ್ಟು ಜಗಲಿಯಲ್ಲೇ ಕೂತ ಹಾಗೆ. ಮನೆಗೆ ಬಂದದ್ದೂ ಹೌದು, ಒಳಗೆ ಹೋಗದೇ ಇದ್ದದ್ದೂ ಹೌದು. ಸಿನಿಮಾ ಹಾಡಿನ ಗಟ್ಟಿ ಮುಕ್ತಾಯ ಕೇಳಿ ಬೆಳೆದ ಕಿವಿಗೆ ಇದು "ಏನೂ ಆಗಲಿಲ್ಲ" ಅಂತ ಅನ್ನಿಸುವುದು ಸಹಜ.

ಗಮಕದ ಮಾತು ಕೆಲವರು ಕೇಳುತ್ತಾರೆ. ಪಿಯಾನೊದಲ್ಲಿ ಅದು ಇಲ್ಲ, ಕೀಗಳ ನಡುವೆ ಜಾರಲು ಜಾಗವಿಲ್ಲ. ಆ ಜಾರುವ ಕೆಲಸ ಸ್ಯಾಕ್ಸೋಫೋನಿಗೆ ಬಿಟ್ಟಿರುತ್ತಾರೆ. ನಮಗೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್. ಹಾಗಾಗಿ ಸ್ಮೂತ್ ಜಾಝಿನ ಸ್ಯಾಕ್ಸೋಫೋನ್ ಕೇಳಿದರೆ ಅರ್ಧಕ್ಕೇ ನಿಂತ ಹಾಗೆ ಅನ್ನಿಸುತ್ತದೆ. ಎರಡು ಪದ್ಧತಿಯೂ ಒಟ್ಟಿಗೆ ಕೂತದ್ದು ಕೇಳಬೇಕು ಅನ್ನಿಸಿದರೆ, ಸ್ಯಾಕ್ಸೋಫೋನಿನ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ತಂದ 'ಜ್ಯೋತಿ' ಆಲ್ಬಂ ಹುಡುಕಿ. ಅದು ಸ್ಮೂತ್ ಜಾಝ್ ಅಲ್ಲ, ಸುಮ್ನೆ ನೆನಪಾಯಿತು.

ತಾಳದಲ್ಲಿ ಏನು ನಡೆಯುತ್ತದೆ? ವೇಗ ಸಾಮಾನ್ಯವಾಗಿ ನಿಮಿಷಕ್ಕೆ 80ರಿಂದ 100 ಬೀಟ್ ಸುತ್ತಮುತ್ತ. ಆರಾಮಾಗಿ ನಡೆದಾಡುವಷ್ಟು. ನಾಲ್ಕರ ಎಣಿಕೆಯಲ್ಲಿ ಒತ್ತು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಡ್ರಮ್ಸ್‌ನವನು ಅಲ್ಲಿ ಡ್ರಮ್ಮಿಗೆ ಹೊಡೆಯದೆ ಕಡ್ಡಿಯನ್ನು ಅದರ ಅಂಚಿಗೆ ತಾಗಿಸಿ ಟಕ್ ಅನ್ನಿಸುತ್ತಾನೆ. ಇದರ ಮೇಲೆ ಕೀಬೋರ್ಡಿನವನು ಬೀಟಿಗಿಂತ ಕೂದಲೆಳೆಯಷ್ಟು ತಡವಾಗಿ ಬರುತ್ತಾನೆ. ತಪ್ಪಿ ಅಲ್ಲ, ಬೇಕೆಂದೇ. ಬರುತ್ತದೆ ಅಂತ ಕಾದ ಕಿವಿಗೆ ಆ ಸ್ವರ ಒಂದು ಕ್ಷಣ ಸೋಮಾರಿಯಾಗಿ ಕೇಳುತ್ತದೆ. ಇದು ಹೇಳಿದಷ್ಟು ಸುಲಭ ಅಲ್ಲ. ಪೆಂಡಾಲಿನಲ್ಲಿ ಮುಂದಿನ ಸಾಲಿನವರು ಸಿಳ್ಳೆ ಹೊಡೆದರೆ ನಮ್ಮ ತಂಡದ ವೇಗ ತಾನಾಗಿಯೇ ಏರುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಗಾಯಕ ಉಸಿರಿಗೆ ಒದ್ದಾಡುತ್ತಿದ್ದ. ಮುಂದಕ್ಕೆ ಓಡುವುದು ಕೈಯ ಸ್ವಭಾವ. ಹಿಂದಕ್ಕೆ ಎಳೆದು ಹಿಡಿಯುವುದಕ್ಕೆ ವರ್ಷಗಳು ಬೇಕು.

ಹಾಗಾದರೆ ಇದಕ್ಕೆ ಲಿಫ್ಟಿನ ಕೆಟ್ಟ ಹೆಸರು ಬಂದದ್ದು ಹೇಗೆ? ಅದೂ ಸುಮ್ನೆ ಬಂದದ್ದಲ್ಲ. ಕ್ರೀಡ್ ಟೇಲರ್ ಅನ್ನುವ ನಿರ್ಮಾಪಕರು 1967ರಿಂದ ಸಿಟಿಐ ಅನ್ನುವ ರೆಕಾರ್ಡ್ ಲೇಬಲ್ಲಿನ ಹೆಸರಿನಲ್ಲಿ ಜಾಝಿಗೆ ಪಿಟೀಲಿನ ಗುಂಪು, ಪಾಪ್ ಹಾಡು, ನುಣುಪಾದ ಧ್ವನಿಮುದ್ರಣ ಎಲ್ಲ ಸೇರಿಸಿದರು. ಬಾಬ್ ಜೇಮ್ಸ್ ಬೆಳೆದದ್ದು ಅಲ್ಲೇ. 1976ರಲ್ಲಿ ಗಿಟಾರಿನ ಜಾರ್ಜ್ ಬೆನ್ಸನ್ ಅವರ 'ಬ್ರೀಝಿನ್' ಅಮೆರಿಕದ ಆಲ್ಬಂ ಪಟ್ಟಿಯ ತುದಿಗೇರಿತು. ಜಾಝ್ ಇಷ್ಟು ಮಾರುತ್ತದೆ ಅಂತ ಆಗ ಎಲ್ಲರಿಗೂ ಕಂಡಿತು. ಅದೇ ವರ್ಷ ವಾಷಿಂಗ್ಟನ್‌ನ ಹಾವರ್ಡ್ ವಿಶ್ವವಿದ್ಯಾಲಯದ ರೇಡಿಯೊದಲ್ಲಿ ಮೆಲ್ವಿನ್ ಲಿಂಡ್ಸೆ ಅನ್ನುವ ಹುಡುಗ ರಾತ್ರಿ ಹೊತ್ತು ಬರೀ ನಿಧಾನದ ಹಾಡುಗಳನ್ನು ಹಾಕತೊಡಗಿದ. 'ಕ್ವಯಟ್ ಸ್ಟಾರ್ಮ್' ಅನ್ನುವ ಕಾರ್ಯಕ್ರಮ. ಅದು ದೇಶ ತುಂಬ ಹಬ್ಬಿತು.

1987ರಲ್ಲಿ ಲಾಸ್ ಏಂಜಲಿಸ್‌ನ ಒಂದು ಸ್ಟೇಷನ್ 'ದ ವೇವ್' ಅಂತ ಹೆಸರು ಬದಲಿಸಿ ಇಡೀ ದಿನ ಇಂಥದ್ದನ್ನೇ ಹಾಕಿತು. ಅಲ್ಲಿಂದ ಮುಂದೆ ಸಂಗೀತಗಾರರಿಗಿಂತ ಸಮೀಕ್ಷೆಯವರ ಮಾತು ಜಾಸ್ತಿಯಾಯಿತು. ಕೇಳುಗರನ್ನು ಒಂದು ಕೋಣೆಯಲ್ಲಿ ಕೂರಿಸಿ, ತುಣುಕು ಹಾಕಿ, ಇಷ್ಟವೋ ಇಲ್ಲವೋ ಅಂತ ಕೇಳುವುದು. ಯಾವ ತುಣುಕು ಯಾರಿಗೂ ತೊಂದರೆ ಕೊಡಲಿಲ್ಲವೋ ಅದು ರೇಡಿಯೊಗೆ. ಸ್ಮೂತ್ ಜಾಝ್ ಅನ್ನುವ ಹೆಸರು ಗಟ್ಟಿಯಾದದ್ದೂ ಈ ಸಮೀಕ್ಷೆಯ ಕೋಣೆಗಳಿಂದಲೇ. ಕಾಫಿ ಬ್ಲೆಂಡ್ ಮಾಡುವವರಿಗೆ ಈ ಕಥೆ ಗೊತ್ತು. ಯಾರಿಗೂ ಕಹಿಯಾಗಬಾರದು ಅಂತ ಹೊರಟರೆ ಕೊನೆಗೆ ಲೋಟದಲ್ಲಿ ಚಿಕೋರಿ ಉಳಿಯುತ್ತದೆ.

ಸ್ಯಾಕ್ಸೋಫೋನಿನ ಕೆನ್ನಿ ಜಿ ಅವರ 1992ರ ಆಲ್ಬಂ 'ಬ್ರೆತ್‌ಲೆಸ್' ಅಮೆರಿಕವೊಂದರಲ್ಲೇ ಒಂದು ಕೋಟಿ ಇಪ್ಪತ್ತು ಲಕ್ಷ ಪ್ರತಿಗಳ ಮಟ್ಟ ಮುಟ್ಟಿತು. ಇವರ 'ಗೋಯಿಂಗ್ ಹೋಮ್' ಅನ್ನು ಚೀನಾದಲ್ಲಿ ಅಂಗಡಿ, ಮಾಲ್ ಮುಚ್ಚುವ ಹೊತ್ತಿಗೆ ಹಾಕುತ್ತಾರೆ, ಜನ ಕೇಳಿದ ಕೂಡಲೇ ಚೀಲ ಎತ್ತಿಕೊಂಡು ಹೊರಡುತ್ತಾರೆ. ಸಂಗೀತ ಇಷ್ಟು ಉಪಯೋಗಕ್ಕೆ ಬಂದಮೇಲೆ ಅದನ್ನು ಕೇಳುವವರು ಯಾರು? 2008ರಲ್ಲಿ ನ್ಯೂಯಾರ್ಕಿನ, 2009ರಲ್ಲಿ ಶಿಕಾಗೊದ ದೊಡ್ಡ ಸ್ಮೂತ್ ಜಾಝ್ ಸ್ಟೇಷನ್‌ಗಳು ಬಾಗಿಲು ಹಾಕಿದವು. ನಿಜ ಹೇಳಬೇಕೆಂದರೆ ಆ ಕಾಲದ ಆಲ್ಬಂಗಳಲ್ಲಿ ಅರ್ಧಕ್ಕರ್ಧ ನನಗೂ ಬೇಜಾರೇ. ಭಾವನ ಮಾತು ಅವುಗಳ ಮಟ್ಟಿಗೆ ಸರಿ.

ರೇಡಿಯೊ ಹೋದಮೇಲೆ ಒಂದು ಒಳ್ಳೆಯದಾಯಿತು. ಹಳೆ ಕೀಬೋರ್ಡಿನವರು ಮೆತ್ತಗೆ ನುಡಿಸಲು ಯಾರ ಸಮೀಕ್ಷೆಯನ್ನೂ ಕಾಯಬೇಕಿಲ್ಲ. 'ಎಸ್ಪ್ರೆಸ್ಸೊ' ಕೇಳುವಾಗ ಆ ಸಡಿಲ ತಿಳಿಯುತ್ತದೆ. ಅದರಲ್ಲಿ 'ಸಬ್‌ಮರೀನ್' ಅಂತ ಒಂದು ಟ್ರ್ಯಾಕ್ ಇದೆ. ನಾಟಿಲಸ್ ಅನ್ನುವುದೂ ಸಬ್‌ಮರೀನಿಗೇ ಇಟ್ಟ ಹೆಸರು. ನಲವತ್ತನಾಲ್ಕು ವರ್ಷದ ಹಿಂದಿನ ತನ್ನದೇ ಟ್ರ್ಯಾಕಿಗೆ ಕಣ್ಣು ಮಿಟುಕಿಸಿದ ಹಾಗೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದರೆ ಚೆನ್ನ.

ಮೂವರ ತಂಡದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಕಡಿಮೆ. ಪಿಟೀಲಿನ ಗುಂಪಿದ್ದರೆ ಕಾರ್ಡ್ ಸ್ವಲ್ಪ ಎಡವಿದರೂ ಮುಚ್ಚಿಹೋಗುತ್ತದೆ. ಇಲ್ಲಿ ಒಂದು ಬೆರಳು ಬೇಗ ಬಂದರೂ ಗೊತ್ತಾಗುತ್ತದೆ. ಕೇಳುವುದಕ್ಕೆ ನಾನು ಭಾವನಿಗೆ ಹೇಳಿದ ದಾರಿ ಇಷ್ಟು. ಮೊದಲ ಸಲ ಬೇಸ್ ಮಾತ್ರ ಹಿಂಬಾಲಿಸಿ, ಬಲಗೈ ಏನು ಮಾಡುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೇಸ್ ಕಿವಿಗೆ ಸಿಕ್ಕಮೇಲೆ ಎಡಗೈ ಕಾರ್ಡ್‌ಗಳು ಎಷ್ಟು ಕಡಿಮೆ ಕದಲುತ್ತವೆ ಅಂತ ತಾನಾಗಿ ಕೇಳುತ್ತದೆ. ಆಮೇಲೆ ಅವರು ಎಲ್ಲೆಲ್ಲಿ ಕೈ ಎತ್ತಿ ಸುಮ್ಮನಿರುತ್ತಾರೆ ಅದನ್ನು ಎಣಿಸಿ. ನಾನಾಗಿದ್ದರೆ ಆ ಜಾಗದಲ್ಲೆಲ್ಲ ಒಂದೊಂದು ಸಂಗತಿ ತುರುಕುತ್ತಿದ್ದೆ. ಪೆಂಡಾಲಿನಲ್ಲಿ ಹಾಗೆ ಮಾಡದಿದ್ದರೆ ಕಮಿಟಿಯವರು "ಕೀಬೋರ್ಡ್ ಕೇಳ್ತಾನೇ ಇಲ್ಲ" ಅನ್ನುತ್ತಿದ್ದರು, ಅದು ಬೇರೆ ಮಾತು.

ಮೊನ್ನೆ ತೋಟಕ್ಕೆ ಹೋದಾಗ ಜಗಲಿಯಲ್ಲಿ ಸ್ಪೀಕರ್ ಕಾಣಲಿಲ್ಲ. ಕೆಟ್ಟುಹೋಯಿತೇನೋ ಅಂದುಕೊಂಡೆ. ಭಾವ ಅದನ್ನು ಒಳಗೆ, ಊಟದ ಮನೆಯ ಮೂಲೆಗೆ ಸಾಗಿಸಿದ್ದರು. ಹೆಂಚಿನ ಮೇಲೆ ಮಳೆ ಬೀಳುವಾಗ ಜಗಲಿಯಲ್ಲಿ ಬೇಸ್ ಕೇಳಿಸುವುದಿಲ್ಲವಂತೆ.